ಭಾರತದ ಇತಿಹಾಸವನ್ನು ಬುಡದಿಂದ ಓದಿಕೊಳ್ಳುವ ಬಗೆ: ಆಸಕ್ತ ಓದುಗರಿಗೊಂದು ಮಾರ್ಗದರ್ಶಿ

ಭಾರತದ ಇತಿಹಾಸವನ್ನು ಒಮ್ಮೆ ಕ್ರಮವಾಗಿ ಓದಿ ಮುಗಿಸಬೇಕೆಂದು ಹೊರಟವರಲ್ಲಿ ಬಹಳಷ್ಟು ಮಂದಿ ಮಗಧದ ರಾಜವಂಶಗಳ ಪಟ್ಟಿ ಬರುವ ಹೊತ್ತಿಗೆ ಪುಸ್ತಕ ಮಡಚಿಡುತ್ತಾರೆ. ಅದು ಓದುಗರ ತಪ್ಪಲ್ಲ. ಹೆಸರು, ಇಸವಿ, ಯುದ್ಧ, ಮತ್ತೆ ಹೆಸರು ಎಂಬ ಕ್ರಮದಲ್ಲಿ ಬಡಿಸಿದ ಇತಿಹಾಸವು ಪರೀಕ್ಷೆ ಮುಗಿದ ಮಾರನೆಯ ದಿನವೇ ಮರೆತುಹೋಗುವಂಥದ್ದು. ಅದರ ಬದಲು, ಪ್ರತಿಯೊಂದು ಸಂಗತಿಯನ್ನು ಓದುವಾಗಲೂ ‘ಇದು ನಮಗೆ ತಿಳಿದದ್ದು ಯಾವುದರಿಂದ?’ ಎಂಬ ಒಂದೇ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಹೋದರೆ ಇದೇ ಇತಿಹಾಸವು ಬೇರೆಯೇ ರೀತಿಯಲ್ಲಿ ಮನಸ್ಸಿಗೆ ಹಿಡಿಯುತ್ತದೆ. ಕಲ್ಲು, ಮಣ್ಣು, ಬಾಯಿಪಾಠ, ಶಾಸನ, ನಾಣ್ಯ, ಪ್ರವಾಸಿಯ ಬರಹ, ಸರ್ಕಾರಿ ಕಾಗದ ಹೀಗೆ ಕಾಲದಿಂದ ಕಾಲಕ್ಕೆ ಆಧಾರದ ಬಗೆ ಬದಲಾಗುತ್ತದೆ. ಆಧಾರ ಬದಲಾದಂತೆ ಓದುವ ಕ್ರಮವೂ ಬದಲಾಗಬೇಕು. ಈ ಮಾರ್ಗದರ್ಶಿಯ ಹೆಜ್ಜೆಗಳನ್ನು ಆ ದೃಷ್ಟಿಯಿಂದಲೇ ಜೋಡಿಸಿದೆ. ವಾರಕ್ಕೆ ನಾಲ್ಕೈದು ಗಂಟೆ ಕೊಡಬಲ್ಲವರಿಗೆ ಇದು ಸುಮಾರು ಒಂದು ವರ್ಷದ ಓದು.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್, ಒಂದು ಗೆರೆ

ಇನ್ನೂರು ಪುಟಗಳ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತೆರೆದಿಟ್ಟಾಗ ಕಾಣುವ ಎಡಪುಟದಲ್ಲಿ ನಡೆದ ಸಂಗತಿಯನ್ನೂ, ಬಲಪುಟದಲ್ಲಿ ಅದೇ ಸಾಲಿನ ಎದುರಿಗೆ ಅದಕ್ಕಿರುವ ಆಧಾರವನ್ನೂ ಬರೆಯುತ್ತ ಹೋಗಿ. ಬಲಪುಟ ಖಾಲಿ ಉಳಿದ ಸಂಗತಿಗಳನ್ನು ಸೀಸದಕಡ್ಡಿಯಲ್ಲಿಯೇ ಬಿಡಿ. ಆಧಾರ ಸಿಕ್ಕ ಮೇಲೆ ಶಾಯಿಯಲ್ಲಿ ಬರೆದುಕೊಳ್ಳಬಹುದು. ಓದಿಗೆ ಬೆನ್ನೆಲುಬಾಗಿ ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಇತಿಹಾಸದ ಪಠ್ಯಪುಸ್ತಕಗಳನ್ನೇ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅವು ಚಿಕ್ಕವು, ಕ್ರಮಬದ್ಧವಾದವು ಮತ್ತು ಎಲ್ಲೆಡೆ ಸಿಗುವಂಥವು.

ಆಮೇಲೆ ಅಂಟಿಸಿದ ಉದ್ದನೆಯ ಕಾಗದದ ಮೇಲೆ ನೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಒಂದು ಗೆರೆ ಎಳೆಯಿರಿ. ಹರಪ್ಪದ ನಗರಗಳು ತಲೆಯೆತ್ತಿದ ಕ್ರಿ.ಪೂ. 2600ರ ಸುಮಾರಿನಿಂದ ಇಂದಿನವರೆಗೆ ಆ ಗೆರೆ 46 ಸೆಂಟಿಮೀಟರ್ ಆಗುತ್ತದೆ. ಅದರ ಮೇಲೆ ಪ್ಲಾಸಿ ಕದನದ 1757ರಿಂದ 1947ರವರೆಗಿನ ಬ್ರಿಟಿಷ್ ಆಳ್ವಿಕೆಯನ್ನು ಗುರುತಿಸಿದರೆ ಅದು ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ಆದರೆ ಹರಪ್ಪದ ನಗರಗಳು ಸೊರಗಿದ ಕ್ರಿ.ಪೂ. 1900ರಿಂದ ಅಶೋಕನವರೆಗಿನ ದೂರ ಹದಿನಾರು ಸೆಂಟಿಮೀಟರಿಗಿಂತ ಹೆಚ್ಚು, ಮತ್ತು ಆ ಅವಧಿಯಲ್ಲಿ ನಾವು ಓದಬಲ್ಲ ಒಂದೇ ಒಂದು ದೊಡ್ಡ ಶಾಸನವೂ ಇಲ್ಲ. ಇದೇ ಅಳತೆಯಲ್ಲಿ ಶಿಲಾಯುಗವನ್ನು ಗುರುತಿಸಲು ಹೋದರೆ ಕಾಗದ ಮನೆಯಲ್ಲಿ ಹಿಡಿಸುವುದಿಲ್ಲ: ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಸಿಕ್ಕ ಕಲ್ಲಿನ ಆಯುಧಗಳು ಸುಮಾರು 15 ಲಕ್ಷ ವರ್ಷ ಹಿಂದಿನವು, ಅಂದರೆ 150 ಮೀಟರ್ ಆಚೆಗೆ. ಈ ಗೆರೆಯನ್ನು ಗೋಡೆಗೆ ಅಂಟಿಸಿಕೊಳ್ಳಿ. ‘ಪ್ರಾಚೀನ’ ಎಂಬ ಒಂದೇ ಮಾತಿನೊಳಗೆ ನಾವು ಎಷ್ಟನ್ನು ತುರುಕಿದ್ದೇವೆಂಬುದು ದಿನವೂ ಕಣ್ಣಿಗೆ ಬೀಳಲಿ.

ಎರಡನೆಯ ಹೆಜ್ಜೆ: ಶಕೆಗಳ ಲೆಕ್ಕ

ಇದನ್ನು ಒಂದು ಸಂಜೆಯಲ್ಲಿ ಕಲಿತುಬಿಡಬಹುದು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಆದರೆ ಶಕವರ್ಷ ಚೈತ್ರದಲ್ಲಿ ಆರಂಭವಾಗುವುದರಿಂದ ಮಾಘ, ಫಾಲ್ಗುಣ ಮಾಸದ ತಿಥಿಗಳಿಗೆ 79 ಕೂಡಿಸಬೇಕು. ಶಾಸನದಲ್ಲಿ ಕಳೆದ ವರ್ಷವನ್ನು ಹೇಳಿದೆಯೋ ನಡೆಯುತ್ತಿರುವ ವರ್ಷವನ್ನು ಹೇಳಿದೆಯೋ ಎಂಬುದರಿಂದ ಇನ್ನೊಂದು ವರ್ಷದ ಹೆಚ್ಚುಕಡಿಮೆಯಾಗುತ್ತದೆ. ವಿಕ್ರಮ ಸಂವತ್ಸರಕ್ಕೆ 57 ಕಳೆಯಬೇಕು, ಗುಪ್ತ ಸಂವತ್ಸರಕ್ಕೆ 319 ಕೂಡಿಸಬೇಕು. ಹಿಜರಿ ಚಾಂದ್ರಮಾನ ವರ್ಷವಾದ್ದರಿಂದ ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರದ ಉತ್ತರ ಬರುತ್ತದೆ: ಮೊದಲ ಪಾಣಿಪತ್ ಯುದ್ಧ ನಡೆದ ಹಿಜರಿ 932 ಹೀಗೆ 1526 ಆಗುತ್ತದೆ.

ಸಂವತ್ಸರದ ಹೆಸರುಗಳಲ್ಲಿ ಎಚ್ಚರ ಬೇಕು. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಹೆಸರುಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಬರೀ ‘ಧಾತು ಸಂವತ್ಸರ’ ಎಂದು ಕಂಡರೆ ಅದು 1816 ಇರಬಹುದು, 1876 ಇರಬಹುದು, 1936 ಕೂಡ ಇರಬಹುದು. ಜೊತೆಗೆ ಶಕವರ್ಷವೋ ಅರಸನ ಹೆಸರೋ ಇದ್ದರೆ ಮಾತ್ರ ನಿಶ್ಚಯ.

ಮೂರನೆಯ ಹೆಜ್ಜೆ: ಅಕ್ಷರವಿಲ್ಲದ ಕಾಲವನ್ನು ವಸ್ತುಗಳಿಂದ ಓದುವುದು

ಮೊದಲ ಒಂದು ತಿಂಗಳನ್ನು ಅರಸರ ಹೆಸರೇ ಇಲ್ಲದ ಕಾಲಕ್ಕೆ ಮೀಸಲಿಡಿ. 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಒಂದು ಕೈಗೊಡಲಿಯನ್ನು ಹೆಕ್ಕಿದ ಮೇಲೆಯೇ ಭಾರತದಲ್ಲಿ ಶಿಲಾಯುಗದ ಅಧ್ಯಯನ ಶುರುವಾದದ್ದು. ಕರ್ನಾಟಕದವರಿಗೆ ಈ ಕಾಲ ಬಹಳ ಹತ್ತಿರದ್ದು: ಹುಣಸಗಿ ಕಣಿವೆಯ ಹಳೆಯ ಶಿಲಾಯುಗದ ನೆಲೆಗಳು, ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ಬೆಟ್ಟ, ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳು ಇವೆಲ್ಲ ಒಂದೆರಡು ದಿನದ ಪ್ರವಾಸದಲ್ಲಿ ನೋಡಬಹುದಾದ ಜಾಗಗಳು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರ ಚಿತೆಯ ಬೂದಿಯೆಂದು ಹೇಳುತ್ತಿದ್ದರು. ಅಗೆದು ನೋಡಿದಾಗ ಅವು ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗಳನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಬೆಳೆದ ದಿಬ್ಬಗಳೆಂದು ತಿಳಿಯಿತು. ಒಂದು ಬೂದಿಯ ರಾಶಿ ದನ, ದೊಡ್ಡಿ, ಋತು, ಜನರ ಗುಂಪು ಇಷ್ಟನ್ನೂ ಹೇಳಬಲ್ಲದೆಂದು ಒಮ್ಮೆ ಮನವರಿಕೆಯಾದರೆ ಮುಂದಿನದು ಸುಲಭ.

ಹರಪ್ಪ ನಾಗರಿಕತೆಗೆ ಬಂದಾಗಲೂ ಇದೇ ಶಿಸ್ತು ಬೇಕು. ದಯಾರಾಮ್ ಸಾಹ್ನಿ ಹರಪ್ಪದಲ್ಲಿಯೂ, ರಾಖಾಲ್‌ದಾಸ್ ಬ್ಯಾನರ್ಜಿ ಮೊಹೆಂಜೊದಾರೊದಲ್ಲಿಯೂ ಅಗೆದ ಮೇಲೆ, ಈ ನಾಗರಿಕತೆ ಇತ್ತೆಂಬ ಸುದ್ದಿಯನ್ನು ಜಾನ್ ಮಾರ್ಷಲ್ ಜಗತ್ತಿಗೆ ತಿಳಿಸಿದ್ದು 1924ರಲ್ಲಿ. ಅದಕ್ಕೆ ಮೊದಲು ಹುಟ್ಟಿ ಬಾಳಿದ ಯಾವ ಭಾರತೀಯನಿಗೂ ಅದರ ಅರಿವಿರಲಿಲ್ಲ. ಎತ್ತರ, ಅಗಲ, ಉದ್ದಗಳು 1:2:4ರ ಪ್ರಮಾಣದಲ್ಲಿರುವ ಇಟ್ಟಿಗೆಗಳು, ನೂರಾರು ಮೈಲಿ ದೂರದ ಊರುಗಳಲ್ಲಿಯೂ ಹೊಂದಿಕೆಯಾಗುವ ಘನಾಕಾರದ ತೂಕದ ಕಲ್ಲುಗಳು, ಧೋಲಾವೀರದ ದೊಡ್ಡ ನೀರಿನ ಜಲಾಶಯಗಳು, ಮೆಸೊಪೊಟೇಮಿಯದವರೆಗೆ ಹೋದ ಮುದ್ರೆಗಳು ಇವುಗಳಿಂದ ವ್ಯಾಪಾರವನ್ನೂ ಆಡಳಿತದ ಶಿಸ್ತನ್ನೂ ಊಹಿಸಬಹುದು. ಲಿಪಿಯನ್ನು ಮಾತ್ರ ಇನ್ನೂ ಯಾರೂ ಎಲ್ಲರೂ ಒಪ್ಪುವಂತೆ ಓದಿಲ್ಲ. ಆದ್ದರಿಂದ ಅವರ ಭಾಷೆ ಇದೇ, ದೇವರು ಇದೇ ಎಂದು ಗಟ್ಟಿಯಾಗಿ ಹೇಳುವ ಬರಹಗಳನ್ನು ಓದುವಾಗ ಬಲಪುಟದಲ್ಲಿ ಏನು ಬರೆಯಬೇಕೆಂದು ಯೋಚಿಸಿ. ಬಹುಪಾಲು ಅಲ್ಲಿ ಬರೆಯಲು ಏನೂ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಬಾಯಿಪಾಠದಲ್ಲಿ ಉಳಿದ ಕಾಲ

ವೇದಗಳ ಕಾಲಕ್ಕೆ ಸಾಕ್ಷಿ ಮುಖ್ಯವಾಗಿ ಕಂಠಸ್ಥ ಪಾಠ. ಋಗ್ವೇದದ ಸೂಕ್ತಗಳನ್ನು ಸಾಮಾನ್ಯವಾಗಿ ಕ್ರಿ.ಪೂ. 1500ರಿಂದ 1000ದ ನಡುವೆ ಇಡುತ್ತಾರೆ. ಪದಪಾಠ, ಕ್ರಮಪಾಠ, ಘನಪಾಠಗಳೆಂಬ ಹಲವು ಬಗೆಯ ಜೋಡಣೆಗಳ ಬಲದಿಂದ ಒಂದು ಸ್ವರವೂ ಅಲುಗದಂತೆ ಉಳಿದು ಬಂದ ಈ ಪಾಠ ಮನುಷ್ಯನ ನೆನಪಿನ ಒಂದು ಅದ್ಭುತ ಸಾಧನೆ. ಇದನ್ನು ಓದುವಾಗ ನೆನಪಿಡಬೇಕಾದದ್ದು ಇಷ್ಟು: ಸೂಕ್ತಗಳನ್ನು ಕಟ್ಟಿದವರು ದೇವತೆಗಳನ್ನು ಸ್ತುತಿಸುತ್ತಿದ್ದರೇ ಹೊರತು ನಮಗಾಗಿ ಇತಿಹಾಸವನ್ನು ಬರೆಯುತ್ತಿರಲಿಲ್ಲ, ನದಿಗಳ ಹೆಸರು, ಹಸುಗಳ ಲೆಕ್ಕ, ಕುಲಗಳ ಜಗಳಗಳೆಲ್ಲ ಆ ಸ್ತುತಿಯ ನಡುವೆ ಪ್ರಸಂಗವಶಾತ್ ಬಂದವು.

ಇದಕ್ಕೆ ಹೊರಗಿನ ಸಾಕ್ಷಿಯೊಂದಿದೆ. ಪಶ್ಚಿಮ ಏಷ್ಯಾದ ಮಿತನ್ನಿ ಅರಸರು ಕ್ರಿ.ಪೂ. 14ನೆಯ ಶತಮಾನದಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ. ಕ್ರಿ.ಪೂ. 6ನೆಯ ಶತಮಾನದ ಹೊತ್ತಿಗೆ ಗಂಗಾ ಬಯಲಿನಲ್ಲಿಯೂ ಅದರ ಆಚೆಗೂ ಹದಿನಾರು ಮಹಾಜನಪದಗಳು, ಮುದ್ರೆಯೊತ್ತಿದ ಬೆಳ್ಳಿಯ ನಾಣ್ಯಗಳು, ಕೋಟೆಯೊಳಗಿನ ಪಟ್ಟಣಗಳು, ಬುದ್ಧ ಮತ್ತು ಮಹಾವೀರರ ಸಂಘಗಳು ಕಾಣಿಸಿಕೊಳ್ಳುತ್ತವೆ. ಈ ಭಾಗಕ್ಕೆ ಮೂರು ವಾರ ಸಾಕು.

ಐದನೆಯ ಹೆಜ್ಜೆ: ಅಶೋಕನಲ್ಲಿ ನಿಂತು ಉಸಿರು ತೆಗೆದುಕೊಳ್ಳುವುದು

ಇಲ್ಲಿ ಅವಸರ ಮಾಡಬೇಡಿ. ಭಾರತದ ಪ್ರಾಚೀನ ಕಾಲಗಣನೆ ಬಹುಮಟ್ಟಿಗೆ ಅಶೋಕನ ಒಂದು ವಾಕ್ಯದ ಮೇಲೆ ನಿಂತಿದೆ. ಹದಿಮೂರನೆಯ ಬಂಡೆಶಾಸನದಲ್ಲಿ ಅವನು ತನ್ನ ಸಮಕಾಲೀನರಾದ ಐವರು ಯವನ, ಅಂದರೆ ಗ್ರೀಕ್, ಅರಸರನ್ನು ಹೆಸರಿಸುತ್ತಾನೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುಂದರ. ಇವರ ಕಾಲ ಗ್ರೀಕ್ ಮೂಲಗಳಿಂದ ಗೊತ್ತಿರುವುದರಿಂದ ಅಶೋಕನನ್ನು ಸುಮಾರು ಕ್ರಿ.ಪೂ. 268ರಿಂದ 232ರವರೆಗೆ ಇಡಲು ಸಾಧ್ಯವಾಯಿತು. ಅವನಿಂದ ಹಿಂದಕ್ಕೆ ಎಣಿಸಿ ಬುದ್ಧನ ಕಾಲವನ್ನು ಚರ್ಚಿಸುತ್ತಾರೆ.

ಈ ಶಾಸನಗಳನ್ನು ಓದಲು ಸಾಧ್ಯವಾದ ಕಥೆಯೂ ಅಷ್ಟೇ ಮುಖ್ಯ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಕಲ್ಲುಕಟಾಂಜನಗಳ ಮೇಲಿನ ಚಿಕ್ಕ ಚಿಕ್ಕ ಬರಹಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರು. ಹೆಚ್ಚುಕಡಿಮೆ ಎಲ್ಲವೂ ಒಂದೇ ಎರಡು ಅಕ್ಷರ, ಒಂದು ಚುಕ್ಕೆಯಿಂದ ಮುಗಿಯುತ್ತಿದ್ದವು. ದೇವಸ್ಥಾನದ ಕಂಬಗಳಿಗೆ ದಾನಿಗಳು ಬರೆಸುವ ಮಾತು ಯಾವುದಿರಬಹುದು? ‘ದಾನಂ’. ಆ ಎರಡು ಅಕ್ಷರಗಳ ಹಿಡಿಯಿಂದ ಬ್ರಾಹ್ಮಿ ಲಿಪಿಯ ಬೀಗ ತೆರೆಯಿತು. ಆದರೆ ಶಾಸನಗಳು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಷ್ಟೇ ಹೇಳುತ್ತಿದ್ದವು. ಆ ಪ್ರಿಯದರ್ಶಿಯೇ ಅಶೋಕ ಎಂದು ಶಾಸನದ ಬಾಯಿಂದಲೇ ಹೇಳಿಸಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಕಿರುಶಾಸನ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಬೆಟ್ಟಗಳ ಶಾಸನಗಳನ್ನು ಬರೆದ ಲಿಪಿಕಾರನ ಹೆಸರು ಚಪಡ. ಅವನು ‘ಲಿಪಿಕಾರ’ ಎಂಬ ಮಾತನ್ನು ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಒಂದು ಸಹಿಯಿಂದ ಸಾಮ್ರಾಜ್ಯದ ಒಂದು ಮೂಲೆಯ ಗುಮಾಸ್ತನೊಬ್ಬ ಇನ್ನೊಂದು ಮೂಲೆಯವರೆಗೆ ಬಂದು ಕೆಲಸ ಮಾಡಿದ ಚಿತ್ರ ನಮ್ಮೆದುರು ನಿಲ್ಲುತ್ತದೆ.

ಇಲ್ಲಿಯೇ ಒಂದು ಅಭ್ಯಾಸ ಮಾಡಿ. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂಬ ಪಶ್ಚಾತ್ತಾಪದ ಮಾತು ಹದಿಮೂರನೆಯ ಶಾಸನದಲ್ಲಿದೆ. ಅದು ಎಲ್ಲೆಲ್ಲಿ ಸಿಕ್ಕಿದೆಯೆಂದು ಭೂಪಟದಲ್ಲಿ ಗುರುತಿಸಿ. ಕಳಿಂಗದೊಳಗೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಅದಿಲ್ಲ. ಅದರ ಬದಲು ಅಧಿಕಾರಿಗಳಿಗೆ ಬರೆದ ಬೇರೆ ಎರಡು ಆಜ್ಞೆಗಳಿವೆ. ಸೋತ ನಾಡಿನವರ ಕಣ್ಣಿಗೆ ಬೀಳುವಂತೆ ಆ ಪಶ್ಚಾತ್ತಾಪವನ್ನು ಏಕೆ ಕೆತ್ತಿಸಲಿಲ್ಲ? ಉತ್ತರ ಶಾಸನದಲ್ಲಿಲ್ಲ, ಆದರೆ ಪ್ರಶ್ನೆ ನಿಮ್ಮ ನೋಟ್‌ಬುಕ್ಕಿನಲ್ಲಿರಲಿ.

ಆರನೆಯ ಹೆಜ್ಜೆ: ರಾಜವಂಶಗಳನ್ನು ಬಿಟ್ಟು ಒಂದು ಕೆರೆಯನ್ನು ಹಿಡಿಯುವುದು

ಮೌರ್ಯರ ಅನಂತರ ಶುಂಗರು, ಶಾತವಾಹನರು, ಶಕರು, ಕುಷಾಣರು, ಗುಪ್ತರು ಎಂದು ಪಟ್ಟಿ ಬೆಳೆಯುತ್ತದೆ. ಬಾಯಿಪಾಠ ಮಾಡುವ ಬದಲು ಗುಜರಾತಿನ ಗಿರ್ನಾರ್ ಬೆಟ್ಟದ ಬುಡದಲ್ಲಿರುವ ಜುನಾಗಢದ ಒಂದೇ ಬಂಡೆಯನ್ನು ಓದಿ. ಅದರ ಮೇಲೆ ಮೂರು ಕಾಲದ ಬರಹಗಳಿವೆ. ಅಶೋಕನ ಶಾಸನಗಳು ಒಂದು ಮೈಯಲ್ಲಿ. ಶಕ ಕುಲದ ಅರಸ ರುದ್ರದಾಮನು ಕ್ರಿ.ಶ. 150ರಲ್ಲಿ ಬರೆಸಿದ ಸಂಸ್ಕೃತ ಶಾಸನ ಇನ್ನೊಂದರಲ್ಲಿ. ಸ್ಕಂದಗುಪ್ತನ ಕಾಲದ, ಕ್ರಿ.ಶ. 455ರ ಆಸುಪಾಸಿನ ಬರಹ ಮತ್ತೊಂದರಲ್ಲಿ. ರುದ್ರದಾಮನ ಶಾಸನದ ವಿಷಯ ಸುದರ್ಶನವೆಂಬ ಕೆರೆ. ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತ ಅದನ್ನು ಕಟ್ಟಿಸಿದ. ಅಶೋಕನ ಕಾಲದಲ್ಲಿ ತುಷಾಸ್ಫನೆಂಬ ಯವನ ಅಧಿಕಾರಿ ಅದಕ್ಕೆ ಕಾಲುವೆಗಳನ್ನು ತೆಗೆಸಿದ. ಮುಂದೆ ಭಾರಿ ಮಳೆಗಾಳಿಗೆ ಏರಿ ಒಡೆದು 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳದ ಕಂಡಿ ಬಿದ್ದು ನೀರೆಲ್ಲ ಹರಿದುಹೋಯಿತು. ಕಂಡಿ ದೊಡ್ಡದೆಂದು ಮಂತ್ರಿಗಳು ಒಪ್ಪದಿದ್ದಾಗ, ಪಹ್ಲವ ಕುಲದ ಅಧಿಕಾರಿ ಸುವಿಶಾಖನ ಮೂಲಕ, ಪ್ರಜೆಗಳ ಮೇಲೆ ಹೆಚ್ಚಿನ ಕರವನ್ನಾಗಲಿ ಬಿಟ್ಟಿಯನ್ನಾಗಲಿ ಹೇರದೆ ತನ್ನ ಬೊಕ್ಕಸದಿಂದಲೇ ಅದನ್ನು ಮತ್ತೆ ಕಟ್ಟಿಸಿದೆನೆಂದು ರುದ್ರದಾಮ ಹೇಳಿಕೊಳ್ಳುತ್ತಾನೆ. ಸ್ಕಂದಗುಪ್ತನ ಕಾಲದಲ್ಲಿ ಏರಿ ಇನ್ನೊಮ್ಮೆ ಒಡೆಯಿತು, ಚಕ್ರಪಾಲಿತ ಅದನ್ನು ರಿಪೇರಿ ಮಾಡಿಸಿದ.

ಏಳು ಶತಮಾನಗಳ ಆ ಅವಧಿಯಲ್ಲಿ ವಂಶಗಳು ಬದಲಾದವು, ಆಳುವವರ ಮೂಲನೆಲೆ ಬದಲಾಯಿತು, ಆಡಳಿತದ ಭಾಷೆ ಪ್ರಾಕೃತದಿಂದ ಸಂಸ್ಕೃತಕ್ಕೆ ತಿರುಗಿತು. ಕೆರೆಯ ಏರಿಗೆ ಮಣ್ಣು ಹೊರುವ ಕೆಲಸ ಮಾತ್ರ ಹಾಗೆಯೇ ನಡೆಯಿತು. ನನ್ನ ಮಟ್ಟಿಗೆ ಭಾರತದ ‘ನಾಗರಿಕತೆಯ ನಿರಂತರತೆ’ ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಬೇರೆ ಇಲ್ಲ.

ಏಳನೆಯ ಹೆಜ್ಜೆ: ಪ್ರಶಸ್ತಿಯನ್ನು ಎದುರಾಳಿಯ ಗೋಡೆಯ ಮುಂದೆ ಇಟ್ಟು ಓದುವುದು

ಗುಪ್ತರ ಅನಂತರದ ಆರೇಳು ಶತಮಾನಗಳಲ್ಲಿ ಶಾಸನಗಳ ಮಳೆಯೇ ಸುರಿಯುತ್ತದೆ. ಸುಮಾರು 450ರ ಹಲ್ಮಿಡಿ ಶಾಸನದಿಂದ ಕನ್ನಡವೂ ಕಲ್ಲಿನ ಮೇಲೆ ಮಾತಾಡತೊಡಗುತ್ತದೆ. ಈ ಕಾಲಕ್ಕೆ ಎರಡು ತಿಂಗಳು ಬೇಕು, ಮತ್ತು ಸಾಧ್ಯವಿದ್ದವರು ಐಹೊಳೆಯ ಮೇಗುತಿ ಗುಡ್ಡವನ್ನು ಹತ್ತಲೇಬೇಕು. ಅಲ್ಲಿಯ ಜಿನಾಲಯದ ಹೊರಗೋಡೆಯ ಮೇಲೆ ರವಿಕೀರ್ತಿಯು ಬರೆದ 19 ಸಾಲುಗಳ ಪ್ರಶಸ್ತಿ, ಅಂದರೆ ದೊರೆಯನ್ನು ಹೊಗಳುವ ಶಾಸನವಿದೆ; ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಅದರಲ್ಲಿ ಶಕವರ್ಷ 556 ಎಂದಿದೆ. ಎರಡನೆಯ ಹೆಜ್ಜೆಯ ಲೆಕ್ಕ ಹಾಕಿದರೆ 634–35 ಬರುತ್ತದೆ. ಇಮ್ಮಡಿ ಪುಲಕೇಶಿಯು ಉತ್ತರದ ಹರ್ಷನನ್ನು ತಡೆದ ಸಂಗತಿ ಇಲ್ಲಿದೆ. ರವಿಕೀರ್ತಿ ತನ್ನ ಕವಿತಾಶಕ್ತಿಯನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿರುವುದರಿಂದ ಆ ಇಬ್ಬರು ಕವಿಗಳೂ 634ಕ್ಕಿಂತ ಮೊದಲಿನವರೆಂಬುದೂ ಇದೇ ಗೋಡೆಯಿಂದ ಸಿದ್ಧವಾಯಿತು.

ಆದರೆ ಆಸ್ಥಾನಕವಿ ತನ್ನ ದೊರೆಯನ್ನು ಹೊಗಳದೆ ಇನ್ನೇನು ಮಾಡಿಯಾನು? ಅದಕ್ಕೇ ಹೊರಗಿನ ಸಾಕ್ಷಿಯನ್ನು ಹುಡುಕಬೇಕು. ಚೀನಾದ ಯಾತ್ರಿಕ ಷುವಾನ್‌ಜಾಂಗ್, ಹರ್ಷನ ಸ್ನೇಹವಲಯದಲ್ಲಿದ್ದವನು, ಪುಲಕೇಶಿಯು ಹರ್ಷನಿಗೆ ತಲೆಬಾಗಲಿಲ್ಲವೆಂದು ಬರೆದಿದ್ದಾನೆ. ಎರಡು ಕಡೆಯಿಂದ ಬಂದ ಮಾತು ಕೂಡಿಕೊಂಡಿತು. ಇದನ್ನು ಶಾಯಿಯಲ್ಲಿ ಬರೆಯಬಹುದು. ಇದೇ ಪುಲಕೇಶಿಯ ರಾಜಧಾನಿಯನ್ನು 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಗೆದ್ದ ಸಂಗತಿಯನ್ನು ತಿಳಿಯಲು ಕಂಚಿಗೆ ಹೋಗಬೇಕಾಗಿಲ್ಲ, ಬಾದಾಮಿಯ ಬಂಡೆಯ ಮೇಲೆಯೇ ಅವನ ಶಾಸನವಿದೆ. ಸುಮಾರು ಒಂದು ಶತಮಾನದ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು, ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟೆನೆಂದು ಆ ದೇವಾಲಯದಲ್ಲಿ ಕನ್ನಡದಲ್ಲಿ ಬರೆಸಿದ. ಒಬ್ಬರ ಸೋಲು ಅವರ ಊರಿನಲ್ಲೇ ಇನ್ನೊಬ್ಬರ ಗೆಲುವಿನ ಬರಹವಾಗಿ ನಿಂತಿರುವ ಇಂತಹ ಜೋಡಿಗಳನ್ನು ಹುಡುಕುವುದೇ ಈ ಹಂತದ ಮುಖ್ಯ ಅಭ್ಯಾಸ.

ಅರಸರಾಚೆಗೂ ನೋಡಿ. ತಮಿಳುನಾಡಿನ ಉತ್ತರಮೇರೂರಿನಲ್ಲಿ 10ನೆಯ ಶತಮಾನದ ಮೊದಲ ಭಾಗದ ಚೋಳರ ಶಾಸನವು ಊರಿನ ಸಭೆಯ ಸದಸ್ಯರನ್ನು ಗಡಿಗೆಯಲ್ಲಿ ಹಾಕಿದ ಓಲೆಚೀಟಿಯ ಮೂಲಕ ಆರಿಸುವ ನಿಯಮಗಳನ್ನು ವಿವರವಾಗಿ ಹೇಳುತ್ತದೆ. ಸ್ಪರ್ಧಿಗೆ ತೆರಿಗೆ ಕಟ್ಟುವ ಜಮೀನಿರಬೇಕು, ಲೆಕ್ಕ ಒಪ್ಪಿಸದವನು ಅನರ್ಹ. ಇದನ್ನು ಇಂದಿನ ಪ್ರಜಾಪ್ರಭುತ್ವವೇ ಎಂದು ಕೊಂಡಾಡುವವರು, ಆ ಸಭೆ ಭೂಮಿಯುಳ್ಳ ಬ್ರಾಹ್ಮಣರ ಅಗ್ರಹಾರದ್ದೆಂಬುದನ್ನೂ ಅಲ್ಲಿ ಹೆಂಗಸರಿಗೆ ಜಾಗವಿರಲಿಲ್ಲವೆಂಬುದನ್ನೂ ಜೊತೆಗೇ ಹೇಳುವುದು ನ್ಯಾಯ.

ಎಂಟನೆಯ ಹೆಜ್ಜೆ: ಹಲವು ಭಾಷೆಗಳ ಸಾಕ್ಷಿ

1206ರಲ್ಲಿ ದಿಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾದಾಗಿನಿಂದ 1707ರಲ್ಲಿ ಔರಂಗಜೇಬ್ ತೀರಿಕೊಳ್ಳುವವರೆಗಿನ ಐದು ಶತಮಾನಗಳಿಗೆ ಪಾರಸಿ ಚರಿತ್ರೆಗಳು, ದೇಶಭಾಷೆಗಳ ಶಾಸನಗಳು ಮತ್ತು ಕಾವ್ಯಗಳು, ವಿದೇಶಿ ಪ್ರವಾಸಿಗಳ ಬರಹಗಳು ಒಟ್ಟಿಗೆ ಸಿಗುತ್ತವೆ. ಈ ಕಾಲವನ್ನು ಕುರಿತು ಇಂದು ಕಾವೇರಿದ ಮಾತುಗಳೇ ಹೆಚ್ಚು. ಆದ್ದರಿಂದ ಇಲ್ಲಿ ನಿಮ್ಮ ಬಲಪುಟ ಎಂದಿಗಿಂತ ಬಿಗಿಯಾಗಿರಬೇಕು: ದೇಗುಲವನ್ನು ಕೆಡವಿದ ಸಂಗತಿಗೆ ಆಧಾರವಿದ್ದರೆ ಅದನ್ನು ಬರೆಯಿರಿ, ದತ್ತಿ ಕೊಟ್ಟ ಸಂಗತಿಗೆ ಆಧಾರವಿದ್ದರೆ ಅದನ್ನೂ ಬರೆಯಿರಿ, ಎರಡರಲ್ಲಿ ಒಂದನ್ನು ಅಳಿಸಬೇಡಿ.

ವಿಜಯನಗರವನ್ನು ಮಾದರಿಯಾಗಿ ತೆಗೆದುಕೊಳ್ಳಿ. 1443ರಲ್ಲಿ ಬಂದ ಪಾರಸಿಯ ಅಬ್ದುರ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಇಬ್ಬರೂ ಕಂಡದ್ದನ್ನು ಹಂಪಿಯ ಬೀದಿಗಳಲ್ಲಿ ನಿಂತು ಹೋಲಿಸಬಹುದು. 1565ರ ಜನವರಿಯ ತಾಳಿಕೋಟೆ ಕದನದ ಅನಂತರ ರಾಜಧಾನಿ ಹಾಳಾಯಿತು, ಆದರೆ ರಾಜ್ಯವು ಪೆನುಕೊಂಡೆ, ಚಂದ್ರಗಿರಿಗಳಿಂದ ಇನ್ನೂ ಸುಮಾರು ಎಂಬತ್ತು ವರ್ಷ ನಡೆಯಿತು. ಕದನಕ್ಕೆ ಮೊದಲಿನ ದಶಕಗಳಲ್ಲಿ ಅಳಿಯ ರಾಮರಾಯನು ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನ ಮೇಲೆ ದಂಡೆತ್ತಿ ಹೋಗುತ್ತಿದ್ದನೆಂಬುದನ್ನು ಬಿಟ್ಟು ಆ ಸೋಲನ್ನು ವಿವರಿಸಲು ಬರುವುದಿಲ್ಲ.

ಶ್ರವಣಬೆಳಗೊಳದ 1368ರ ಶಾಸನವನ್ನೂ ಓದಿ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಜೈನರು ಬುಕ್ಕರಾಯನಲ್ಲಿ ದೂರು ಕೊಟ್ಟಾಗ, ಅವನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ. ತೀರ್ಪಿನ ಉದಾರತೆಯಷ್ಟೇ, ಅಂಥದೊಂದು ಜಗಳ ಅರಸನವರೆಗೆ ಹೋಗುವಷ್ಟು ಬೆಳೆದಿತ್ತೆಂಬುದೂ ಈ ಶಾಸನದ ಸಾಕ್ಷ್ಯವೇ.

ಒಂಬತ್ತನೆಯ ಹೆಜ್ಜೆ: ಸರ್ಕಾರಿ ಕಾಗದವನ್ನು ಜನರ ನೆನಪಿನ ಜೊತೆ ಓದುವುದು

1600ರಲ್ಲಿ ಸ್ಥಾಪನೆಯಾದ ಈಸ್ಟ್ ಇಂಡಿಯಾ ಕಂಪನಿ 1757ರ ಪ್ಲಾಸಿ, 1764ರ ಬಕ್ಸರ್ ಕದನಗಳ ಬಳಿಕ 1765ರಲ್ಲಿ ಬಂಗಾಳದ ದಿವಾನಿಯನ್ನು, ಅಂದರೆ ಕಂದಾಯ ಎತ್ತುವ ಹಕ್ಕನ್ನು ಪಡೆಯಿತು. ಈ ಇಸವಿಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು. ಅಲ್ಲಿಂದ ಮುಂದೆ ಭಾರತದ ಕಂದಾಯದ ಹಣದಿಂದಲೇ ಭಾರತದ ಸರಕನ್ನು ಕೊಂಡು ಸಾಗಿಸಲು ಕಂಪನಿಗೆ ಸಾಧ್ಯವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು, 1824ರಲ್ಲಿ ಕಿತ್ತೂರು ತಿರುಗಿಬಿದ್ದಿತು, 1857ರ ದಂಗೆಯ ಮರುವರ್ಷ ಆಡಳಿತ ರಾಣಿಯ ಕೈಗೆ ಹೋಯಿತು. ಇವೆಲ್ಲಕ್ಕೂ ರಾಶಿ ರಾಶಿ ಕಾಗದಗಳಿವೆ. ಆದರೆ ಕಾಗದ ಬರೆದವರು ಆಳುವವರು.

ಅದನ್ನು ಸರಿದೂಗಿಸುವ ಕ್ರಮಕ್ಕೆ ಮೈಸೂರಿನ ದೊಡ್ಡ ಬರವನ್ನು ಉದಾಹರಣೆಯಾಗಿ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರ ಜನಗಣತಿಯಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ಜನಸಂಖ್ಯೆ ಎಂಟು ಲಕ್ಷದಷ್ಟು ಇಳಿದಿದೆ. ನಮ್ಮ ಹಳ್ಳಿಗಳ ಹಿರಿಯರು ‘ಧಾತು ಈಶ್ವರದ ಬರ’ ಎಂದು ಹೇಳುತ್ತಿದ್ದದ್ದು ಇದನ್ನೇ: ಧಾತು ಸಂವತ್ಸರ 1876–77, ಈಶ್ವರ ಸಂವತ್ಸರ 1877–78. ಸಂವತ್ಸರದ ಹೆಸರಿನಲ್ಲಿ ಜನ ಕಾದಿಟ್ಟ ನೆನಪು ಮತ್ತು ಕಮಿಷನರನ ಕಚೇರಿಯ ಅಂಕಿ ಒಂದನ್ನೊಂದು ಇಲ್ಲಿ ದೃಢಪಡಿಸುತ್ತವೆ. ಆ ಅಂಕಿ ಎಷ್ಟು ಜನ ಸತ್ತರೆಂಬುದರ ಅಂದಾಜು ಕೊಡುತ್ತದೆ. ಹೊಲದ ಬದುವಿನ ಸೊಪ್ಪು, ಗೆಡ್ಡೆ ತಿಂದು ಬದುಕಿದ ಬಗೆ ಮನೆತನದ ಮಾತುಗಳಲ್ಲಿ ಮಾತ್ರ ಉಳಿಯುತ್ತದೆ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ, ಅವರು ತಮ್ಮ ಹಿರಿಯರಿಂದ ಕೇಳಿದ್ದನ್ನು ಫೋನಿನಲ್ಲಿ ಈಗಲೇ ರೆಕಾರ್ಡ್ ಮಾಡಿಕೊಳ್ಳಿ. ಈ ಒಂದು ಕೆಲಸವನ್ನು ನಾಳೆಗೆ ಹಾಕಬಾರದು.

ಸ್ವಾತಂತ್ರ್ಯ ಹೋರಾಟವನ್ನು ಓದುವಾಗ ದಿನಾಂಕಗಳನ್ನು ಪ್ರದೇಶವಾರು ಬರೆದುಕೊಳ್ಳಿ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹವೂ ವಿದುರಾಶ್ವತ್ಥದ ಗೋಲಿಬಾರೂ ಒಂದೇ ತಿಂಗಳಲ್ಲಿ ಆದವು. 1947ರ ಆಗಸ್ಟ್ 15 ಎಲ್ಲರಿಗೂ ಒಂದೇ ಅರ್ಥದ ದಿನವಾಗಿರಲಿಲ್ಲ: ಪಂಜಾಬ್, ಬಂಗಾಳಗಳಿಗೆ ಅದು ವಿಭಜನೆ, ಕಲಬುರಗಿ, ರಾಯಚೂರು, ಬೀದರಿನ ಜನ ನಿಜಾಮನ ಆಳ್ವಿಕೆಯಿಂದ ಹೊರಬಂದದ್ದು 1948ರ ಸೆಪ್ಟೆಂಬರ್ 17ರಂದು, ಗೋವಾ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ.

ಸಂವಿಧಾನ ರಚನಾ ಸಭೆಯ ಚರ್ಚೆಗಳು ಮುದ್ರಣವಾಗಿ ಎಲ್ಲರಿಗೂ ಸಿಗುತ್ತವೆ. ಎಲ್ಲವನ್ನೂ ಓದಲಾಗದಿದ್ದರೂ 1949ರ ನವೆಂಬರ್ 25ರಂದು ಅಂಬೇಡ್ಕರ್ ಆಡಿದ ಮಾತನ್ನು ಪೂರ್ತಿಯಾಗಿ ಓದಿ. ಅದರ ಮುಂದೆಯೇ 1951–52ರ ಮೊದಲ ಚುನಾವಣೆಯ ಸಂಗತಿಯನ್ನು ಇಡಿ: ಸುಮಾರು 17 ಕೋಟಿ ಮತದಾರರ ಪಟ್ಟಿ ಮಾಡುವಾಗ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಹೇಳಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು.

ಹತ್ತನೆಯ ಹೆಜ್ಜೆ: ನಿಮ್ಮ ಊರಿನ ಒಂದು ಕಲ್ಲು

ಕೊನೆಯ ತಿಂಗಳನ್ನು ನಿಮ್ಮದೇ ಊರಿಗೆ ಕೊಡಿ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದೆ. ದೊಡ್ಡ ಗ್ರಂಥಾಲಯಗಳಲ್ಲಿಯೂ ಅಂತರಜಾಲದಲ್ಲಿಯೂ ಅವು ಸಿಗುತ್ತವೆ. ನಿಮ್ಮ ತಾಲ್ಲೂಕಿನ ಸಂಪುಟವನ್ನು ತೆರೆದು, ಊರಿನ ಹೆಸರು ಹುಡುಕಿ, ಅಲ್ಲಿ ಹೇಳಿದ ಕಲ್ಲು ಇಂದು ಎಲ್ಲಿದೆಯೆಂದು ನೋಡಿಕೊಂಡು ಬನ್ನಿ.

ವೀರಗಲ್ಲುಗಳನ್ನು ಕಡೆಗಣಿಸಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮತ್ತು ಗಂಗ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ 949ರ ಮಹಾಯುದ್ಧವನ್ನು ಹೇಳುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಹೋರಾಟದ ಚಿತ್ರವಿದೆ, ನಾಯಿಯ ನೆನಪಿಗೆ ಭೂಮಿಯನ್ನೂ ಬಿಡಲಾಯಿತು. ದಕ್ಷಿಣ ಭಾರತದ ದೊಡ್ಡ ರಾಜಕೀಯ ಘಟನೆಯೊಂದಕ್ಕೆ ಮುಖ್ಯ ಸಾಕ್ಷಿಯಾಗಿ ಒಂದು ನಾಯಿಯ ಸ್ಮಾರಕ ಉಳಿದಿದೆ.

ಕಲ್ಲಿನ ಹತ್ತಿರ ಹೋದಾಗ ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯಬೇಡಿ, ಎಣ್ಣೆ ಹಚ್ಚಬೇಡಿ, ತಂತಿಬ್ರಷ್ಷಿನಿಂದ ಉಜ್ಜಲೇಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳ ನೆರಳು ತಾನಾಗಿಯೇ ಎದ್ದು ಕಾಣುತ್ತದೆ; ಮೋಡವಿದ್ದರೆ ಟಾರ್ಚನ್ನು ಕಲ್ಲಿಗೆ ಸಮಾನಾಂತರವಾಗಿ ಪಕ್ಕದಿಂದ ಹಿಡಿಯಿರಿ. ಪೂರ್ತಿ ಕಲ್ಲಿನ ಒಂದು ಫೋಟೊ, ಪ್ರತಿ ನಾಲ್ಕು ಸಾಲಿಗೆ ಒಂದರಂತೆ ಹತ್ತಿರದ ಫೋಟೊಗಳು, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು ಇರಲಿ. ಸಂಪುಟದಲ್ಲಿ ಇಲ್ಲದ ಕಲ್ಲು ಕಂಡರೆ ಅದನ್ನು ಅಲ್ಲಿಂದ ಅಲುಗಿಸದೆ, ಊರು, ಸರ್ವೆ ನಂಬರು, ಫೋಟೊಗಳೊಡನೆ ರಾಜ್ಯದ ಪುರಾತತ್ವ ಇಲಾಖೆಗೆ ಬರೆದು ತಿಳಿಸಿ. ಬರೆದ ಪತ್ರದ ಪ್ರತಿಯನ್ನು ನೋಟ್‌ಬುಕ್ಕಿನ ಬಲಪುಟಕ್ಕೆ ಅಂಟಿಸಿಕೊಳ್ಳಿ.